ಬ್ರಿಸ್ಟಲ್‌ನ ಸಾಲದಲ್ಲಿ ನಮ್ಮ ಪಾಲು

2020ರ ಜೂನ್ 7ರಂದು ಬ್ರಿಸ್ಟಲ್‌ನ ಜನ ಗುಲಾಮ ವ್ಯಾಪಾರಿ ಎಡ್ವರ್ಡ್ ಕೋಲ್ಸ್ಟನ್‌ನ ಪ್ರತಿಮೆಯನ್ನು ಉರುಳಿಸಿ, ಬೀದಿಯುದ್ದಕ್ಕೂ ಎಳೆದುಕೊಂಡು ಹೋಗಿ ಬಂದರಿನ ನೀರಿಗೆ ನೂಕಿದರು. ಆಗ ಇಲ್ಲಿನ ನಮ್ಮ ಕನ್ನಡಿಗರಲ್ಲೇ ಹಲವರು ಹೇಳಿದ್ದು ಒಂದೇ ಮಾತು: "ಇದು ಬಿಳಿಯರು ಕರಿಯರ ಜಗಳ, ನಮಗ್ಯಾಕೆ ಬೇಕು?" ರಾಜ್ಯೋತ್ಸವದ ಸಂಚಿಕೆಯಲ್ಲಿ ಇಂಥ ವಿಷಯವೇ ಎಂದು ಈಗಲೂ ಕೆಲವರು ಕೇಳಬಹುದು. ನಮ್ಮ ಮಕ್ಕಳಲ್ಲಿ ಬಹುಪಾಲು ಹುಟ್ಟಿದ್ದು ಈ ಊರಿನಲ್ಲಿ. ಅವರಿಗೆ ಹಂಪಿಯ ಕಥೆ ಹೇಳುವ ನಾವು ಅವರ ಹುಟ್ಟೂರಿನ ಕಥೆಯನ್ನೂ ಹೇಳಬೇಕು. ಆ ಕಥೆಯಲ್ಲಿ ನಾವೂ ಇದ್ದೇವೆ.

1698ರಲ್ಲಿ ರಾಯಲ್ ಆಫ್ರಿಕನ್ ಕಂಪನಿಯ ಏಕಸ್ವಾಮ್ಯ ಮುರಿದ ಮೇಲೆ ಬ್ರಿಸ್ಟಲ್‌ನ ವರ್ತಕರು ಮನುಷ್ಯರ ವ್ಯಾಪಾರಕ್ಕೆ ರಾಜಾರೋಷವಾಗಿ ಇಳಿದರು. 1807ರಲ್ಲಿ ಕಾನೂನು ಅದನ್ನು ನಿಷೇಧಿಸುವವರೆಗೆ ಇಲ್ಲಿಂದ 2,000ಕ್ಕೂ ಹೆಚ್ಚು ಸಲ ಹಡಗುಗಳು ಹೊರಟವು. ಆಫ್ರಿಕದಿಂದ ಸುಮಾರು ಐದು ಲಕ್ಷ ಜನರನ್ನು ಹೊತ್ತು ಅಟ್ಲಾಂಟಿಕ್‌ ಆಚೆಗೆ ಸಾಗಿದವು. ಬ್ರಿಸ್ಟಲ್ ಬಿಡುವಾಗ ಅವುಗಳಲ್ಲಿ ಏನಿರುತ್ತಿತ್ತು? ಇಲ್ಲಿನ ಹಿತ್ತಾಳೆ ಸಾಮಾನು, ಬಂದೂಕು, ಮದ್ದು. ಜೊತೆಗೆ ಈಸ್ಟ್ ಇಂಡಿಯಾ ಕಂಪನಿ ತರಿಸುತ್ತಿದ್ದ ನಮ್ಮ ದೇಶದ ಹತ್ತಿಬಟ್ಟೆ. ಗುಜರಾತಿನ, ಕೋರಮಂಡಲ ತೀರದ ಮಗ್ಗಗಳಿಂದ ಬಂದ ಬಟ್ಟೆ ಕೊಟ್ಟು ಪಶ್ಚಿಮ ಆಫ್ರಿಕದಲ್ಲಿ ಮನುಷ್ಯರನ್ನು ಕೊಳ್ಳುತ್ತಿದ್ದರು. ನೇಯ್ದವರ ತಪ್ಪೇನೂ ಇಲ್ಲ. ಆದರೂ ನಮಗ್ಯಾಕೆ ಎನ್ನುವ ಮುನ್ನ ಇದು ನೆನಪಿರಬೇಕು.

ಗ್ರೇಟ್ ಜಾರ್ಜ್ ಸ್ಟ್ರೀಟ್‌ನ ಜಾರ್ಜಿಯನ್ ಹೌಸ್ ಮ್ಯೂಸಿಯಂಗೆ ನಮ್ಮಲ್ಲಿ ಹೋದವರು ಕಡಿಮೆ. ಕೆರಿಬಿಯನ್‌ನ ನೆವಿಸ್ ದ್ವೀಪದಲ್ಲಿ ಕಬ್ಬಿನ ತೋಟ ಇಟ್ಟುಕೊಂಡಿದ್ದ ಜಾನ್ ಪಿನ್ನಿ 1790ರ ಸುಮಾರಿಗೆ ಕಟ್ಟಿಸಿದ ಮನೆ ಅದು. ನೆಲಮಾಳಿಗೆಯಲ್ಲಿ ಯಜಮಾನ ತಣ್ಣೀರಿಗೆ ಇಳಿಯಲೆಂದೇ ಕಟ್ಟಿಸಿದ ಸ್ನಾನದ ಕೊಳವಿದೆ. ಆ ಮನೆಯ ಆಳು ಪೆರೋ ಜೋನ್ಸ್. ಪಿನ್ನಿ 1765ರಲ್ಲಿ ನೆವಿಸ್‌ನಲ್ಲಿ ಅವನನ್ನು ಕೊಂಡಾಗ ಹುಡುಗನಿಗೆ 12 ವರ್ಷ. ಅವನ ಇಬ್ಬರು ಪುಟ್ಟ ತಂಗಿಯರನ್ನೂ ಜೊತೆಗೇ ಕೊಂಡ. 1783ರಲ್ಲಿ ಯಜಮಾನನ ಕುಟುಂಬದೊಂದಿಗೆ ಪೆರೋ ಬ್ರಿಸ್ಟಲ್‌ಗೆ ಬಂದ, 1798ರಲ್ಲಿ ತೀರಿಕೊಂಡ. ಮೂರು ದಶಕ ಸೇವೆ ಮಾಡಿದರೂ ಬಿಡುಗಡೆ ಸಿಗಲಿಲ್ಲ. ಬಂದರಿನ ಮೇಲೆ ಎರಡು ದೊಡ್ಡ ಕೊಂಬುಗಳಿರುವ ಕಾಲುಸೇತುವೆಯನ್ನು ನಾವೆಲ್ಲ ದಾಟಿದ್ದೇವೆ, ಫೋಟೋ ತೆಗೆಸಿಕೊಂಡಿದ್ದೇವೆ. 1999ರಲ್ಲಿ ತೆರೆದ ಆ ಸೇತುವೆಗೆ ಅವನದೇ ಹೆಸರು. ಪ್ರೇಮಿಗಳು ಅದರ ಕಂಬಿಗಳಿಗೆ ಬೀಗ ಹಾಕಿ ಹೋಗುತ್ತಾರೆ. ಜೀವನವಿಡೀ ಇನ್ನೊಬ್ಬರ ಸೊತ್ತಾಗಿದ್ದವನ ಹೆಸರಿನ ಸೇತುವೆಯ ಮೇಲೆ ಆ ಬೀಗಗಳನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ.

1833ರಲ್ಲಿ ಪಾರ್ಲಿಮೆಂಟು ಗುಲಾಮಗಿರಿಯನ್ನು ರದ್ದು ಮಾಡುವ ಕಾನೂನು ತಂದು 2 ಕೋಟಿ ಪೌಂಡ್ ಪರಿಹಾರ ಘೋಷಿಸಿತು. ಪರಿಹಾರ ಮಾಲೀಕರಿಗೆ! ದುಡಿದವರಿಗೆ ಒಂದು ಪೆನ್ನಿಯೂ ಇಲ್ಲ. ಅದಕ್ಕಾಗಿ ಸರ್ಕಾರ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ ಎಂದು ಇಲ್ಲಿನ ಖಜಾನೆ ಇಲಾಖೆಯೇ ಹೇಳಿದೆ. ಅಂದರೆ ಅದಕ್ಕೂ ಮೊದಲು ಇಲ್ಲಿ ತೆರಿಗೆ ಕಟ್ಟಿದ ನಮ್ಮ ಡಾಕ್ಟರುಗಳು, ನರ್ಸುಗಳು, ಎಂಜಿನಿಯರುಗಳು ಗುಲಾಮರ ಮಾಲೀಕರ ಲೆಕ್ಕ ತೀರಿಸಲು ಕೈಯಿಂದ ಕೊಟ್ಟಿದ್ದಾರೆ. ಕೆರಿಬಿಯನ್‌ನಿಂದ ಬಂದವರೂ ಕೊಟ್ಟಿದ್ದಾರೆ, ತಮ್ಮ ಮುತ್ತಜ್ಜನನ್ನು ಕೊಂಡವನಿಗೆ ಸಂದ ಹಣದ ಸಾಲಕ್ಕೆ. ಇದಕ್ಕಿಂತ ದೊಡ್ಡ ಅನ್ಯಾಯದ ಲೆಕ್ಕ ನನಗೆ ತಿಳಿದಿಲ್ಲ.

ಅದೇ 2015ರ ನವೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣವಾಯಿತು. ಊರು ಯಾರನ್ನು ಎತ್ತಿ ನಿಲ್ಲಿಸುತ್ತದೆ ಎಂಬುದು ಎಷ್ಟು ಮುಖ್ಯ ಎಂದು ಅಂದು ಹೆಮ್ಮೆಪಟ್ಟ ನಮಗೆ ಬಿಡಿಸಿ ಹೇಳಬೇಕಿಲ್ಲ. ಕೋಲ್ಸ್ಟನ್‌ನನ್ನು ದಾನಶೂರನೆಂದು 1895ರಲ್ಲಿ ಎತ್ತಿ ನಿಲ್ಲಿಸಿದ್ದರು. ಅವನು ಪಾಲುದಾರನಾಗಿದ್ದ ವರ್ಷಗಳಲ್ಲಿ ರಾಯಲ್ ಆಫ್ರಿಕನ್ ಕಂಪನಿ ಸುಮಾರು 84,000 ಜನರನ್ನು ಸಾಗಿಸಿತು. ಅವರಲ್ಲಿ 19,000ದಷ್ಟು ಮಂದಿ ದಾರಿಯಲ್ಲೇ ಸತ್ತರು. ಈಗ ಅವನ ಪ್ರತಿಮೆ ಎಂ ಶೆಡ್ ಮ್ಯೂಸಿಯಂನಲ್ಲಿ, ಮೈಮೇಲೆ ಬಳಿದ ಬಣ್ಣದ ಸಮೇತ, ಅಂಗಾತ ಮಲಗಿದೆ. ಅದು ಸರಿಯಾದ ಜಾಗ.

ಇನ್ನೊಂದು ಋಣ. 1963ರವರೆಗೆ ಈ ಊರಿನ ಬಸ್ ಕಂಪನಿ ಕರಿಯರನ್ನು, ಏಷ್ಯನ್ನರನ್ನು ಕಂಡಕ್ಟರ್ ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಕೆರಿಬಿಯನ್ ಮೂಲದ ಯುವಕರು, ಪಾಲ್ ಸ್ಟೀಫನ್‌ಸನ್ ಜೊತೆ ಸೇರಿ, ನಾಲ್ಕು ತಿಂಗಳು ಬಸ್ ಬಹಿಷ್ಕಾರ ನಡೆಸಿ ಆ ಕಟ್ಟಳೆಯನ್ನು ಮುರಿದರು. ಅವರು ತೆರೆಸಿದ ಬಾಗಿಲಲ್ಲಿ ಕಂಡಕ್ಟರ್ ಆಗಿ ಮೊದಲು ಒಳಗೆ ಹೋದವರು ರಘಬೀರ್ ಸಿಂಗ್ ಎಂಬ ಸಿಖ್ಖರು. ನಮ್ಮ ಮಕ್ಕಳು ಇವತ್ತು ನಿರಾಳವಾಗಿ ಅರ್ಜಿ ಹಾಕುವ ಪ್ರತಿ ಕೆಲಸದ ಹಿಂದೆ ಆ ಹುಡುಗರ ಹೋರಾಟವೂ ಇದೆ.

ಗುಲಾಮಗಿರಿಯ ನೆನಪು ನಮ್ಮ ನಾಡಿನಲ್ಲೂ ಇದೆ: ಯಲ್ಲಾಪುರ, ಹಳಿಯಾಳ ಕಡೆಯ ನಮ್ಮ ಸಂಘದ ಸದಸ್ಯರಿಗೆ ಆಫ್ರಿಕನ್ ಮೂಲದ ಸಿದ್ದಿಯರು ಗೊತ್ತು. ಅವರ ಹಿರಿಯರಲ್ಲಿ ಅನೇಕರು ಪೋರ್ಚುಗೀಸರ ಗುಲಾಮರಾಗಿ ಗೋವೆಗೆ ಬಂದವರು. ಅದು ಬೇರೆ ಸಮುದ್ರದ ಕಥೆ. ಬಲ್ಲವರು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

ಬೇಸಿಗೆಯ ಪಿಕ್ನಿಕ್ ಈ ಸಲ ಬಂದರಿನ ದಂಡೆಯಲ್ಲೇ ಆಗಲಿ ಎಂದು ಸಮಿತಿಗೆ ಕೋರಿದ್ದೇನೆ. ಬುತ್ತಿ ಬಿಚ್ಚುವ ಮುನ್ನ ಜಾರ್ಜಿಯನ್ ಹೌಸ್, ಪೆರೋ ಸೇತುವೆ, ಎಂ ಶೆಡ್ ಮೂರನ್ನೂ ನಡೆದೇ ನೋಡಬಹುದು. ಮಕ್ಕಳನ್ನು ತಪ್ಪದೆ ಕರೆತನ್ನಿ; ಅವರು ಕೇಳುವ ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರ ಹೇಳಿ.

— ಸಂಪಾದಕ