ಸುಮೇರಿನ ಸವಳು

ಪ್ರಾಚೀನ ನಾಗರಿಕತೆಗಳ ಪತನಕ್ಕೆ ಬರ, ಪ್ರವಾಹ, ಪರರ ದಾಳಿಗಳನ್ನು ಕಾರಣವಾಗಿ ಹೇಳುವುದು ವಾಡಿಕೆ. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಣ ಸುಮೇರ್ ನಾಡಿನಲ್ಲಿ ಇನ್ನೊಂದು ಕಾರಣ ಕಾಣುತ್ತದೆ: ಹೊಲಕ್ಕೆ ಹರಿದು ಬಂದು, ಹೊರಹೋಗಲು ದಾರಿ ಕಾಣದೆ ಉಳಿದ ನೀರು.

ನದಿಯ ನೀರಿನಲ್ಲಿ ಅಲ್ಪಸ್ವಲ್ಪ ಉಪ್ಪು ಇದ್ದೇ ಇರುತ್ತದೆ. ಸಮತಟ್ಟಾದ ನೆಲಕ್ಕೆ ವರ್ಷವರ್ಷವೂ ನೀರು ಹಾಯಿಸಿದರೆ ಅಂತರ್ಜಲ ಮೇಲೇರುತ್ತದೆ; ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಮಣ್ಣಿನಲ್ಲೇ ನಿಲ್ಲುತ್ತದೆ. ಹೊಲವನ್ನು ಒಂದು ವರ್ಷ ಬೀಳು ಬಿಟ್ಟರೆ ಆಳಕ್ಕೆ ಬೇರಿಳಿಸುವ ಕಳೆಗಿಡಗಳು ಕೆಳಗಿನ ತೇವವನ್ನು ಹೀರಿ ನೆಲಕ್ಕೆ ಬಿಡುವು ಕೊಡುತ್ತಿದ್ದವು.

1958ರಲ್ಲಿ ಥಾರ್ಕಿಲ್ಡ್ ಜೇಕಬ್ಸನ್ ಮತ್ತು ರಾಬರ್ಟ್ ಆಡಮ್ಸ್ ಪ್ರಕಟಿಸಿದ ಲೇಖನದ ಅಂಕಿಗಳು ಇಂದಿಗೂ ಬೆಚ್ಚಿಬೀಳಿಸುತ್ತವೆ. ಕ್ರಿ.ಪೂ. 3500ರ ಸುಮಾರಿಗೆ ಗೋಧಿ ಮತ್ತು ಜವೆಗೋಧಿಗಳ ಪಾಲು ಹೆಚ್ಚುಕಡಿಮೆ ಸಮ. ಸಾವಿರ ವರ್ಷಗಳಲ್ಲಿ ಗೋಧಿ ಆರನೆಯ ಒಂದು ಪಾಲಿಗೆ ಇಳಿಯಿತು; ಕ್ರಿ.ಪೂ. 1700ರ ಹೊತ್ತಿಗೆ ದಕ್ಷಿಣದಲ್ಲಿ ಅದರ ಬೇಸಾಯವೇ ನಿಂತಿತು. ಉಪ್ಪನ್ನು ತಾಳಿಕೊಳ್ಳಬಲ್ಲ ಜವೆಗೋಧಿಯೂ ಸೊರಗಿತು. ಕ್ರಿ.ಪೂ. 2400ರಲ್ಲಿ ಹೆಕ್ಟೇರಿಗೆ 2537 ಲೀಟರ್ ಇದ್ದ ಇಳುವರಿ 2100ರಲ್ಲಿ 1460ಕ್ಕೆ, 1700ರಲ್ಲಿ 897ಕ್ಕೆ ಕುಸಿಯಿತೆಂಬುದು ಅವರ ಲೆಕ್ಕ.

ಈ ಲೆಕ್ಕವನ್ನು 1985ರಲ್ಲಿ ಮಾರ್ವಿನ್ ಪೊವೆಲ್ ಬಲವಾಗಿ ಪ್ರಶ್ನಿಸಿದರು. ಉರ್ ನಗರ ಬಿದ್ದುದು ಏಲಾಮಿನ ಸೈನ್ಯದ ಕೈಯಲ್ಲಿ ಎಂಬುದೂ ನಿಜ. ಆದ್ದರಿಂದ ಉಪ್ಪೊಂದೇ ಸುಮೇರನ್ನು ನುಂಗಿತೆಂದು ನಾನು ಹೇಳಲಾರೆ. ಆದರೆ ಹೆಚ್ಚು ಧಾನ್ಯ ಬೇಡುವ ಅರಮನೆಗೆ ಬೀಳು ಬಿಟ್ಟ ಹೊಲ ನಷ್ಟವಾಗಿಯೇ ಕಾಣುತ್ತದೆ. ದಣಿದ ನೆಲದ ಮೇಲೆ ನಿಂತ ರಾಜ್ಯ ಶತ್ರುವಿನ ಮೊದಲ ಹೊಡೆತವನ್ನು ತಾಳುವುದು ಕಷ್ಟ. ಲಗಾಶಿನ ಅರಸು ಎಂಟೆಮೆನ, ನೆರೆಯ ಉಮ್ಮಾದೊಡನೆ ನೀರಿನ ಜಗಳ ಬಿಡದಿದ್ದಾಗ, ಟೈಗ್ರಿಸ್ಸಿನಿಂದಲೇ ಕಾಲುವೆ ತೆಗೆಸಿದ. ಅವನ ಶಾಸನಗಳು ಆ ಹೆಮ್ಮೆಯನ್ನು ಸಾರುತ್ತವೆ. ಆ ಹೇರಳ ನೀರೇ ಅಂತರ್ಜಲವನ್ನು ಏರಿಸಿ ನೆಲ ಕೆಡಲು ಮೊದಲಾಯಿತೆಂದು ಜೇಕಬ್ಸನ್ ಮತ್ತು ಆಡಮ್ಸ್ ವಾದಿಸಿದರು.

ಸವಳು ಎಂಬ ಮಾತು ನಮಗೆ ಹೊಸದೇನಲ್ಲ. ತುಂಗಭದ್ರಾ ಅಚ್ಚುಕಟ್ಟನ್ನು ಬಹುಪಾಲು ಕಡಿಮೆ ನೀರಿನ ಬೆಳೆಗಳಿಗಾಗಿ ಯೋಜಿಸಲಾಗಿತ್ತು. ಭತ್ತ ಹಬ್ಬಿತು, ಗಂಗಾವತಿ, ಸಿಂಧನೂರು ಭಾಗದ ಕಪ್ಪು ನೆಲದಲ್ಲಿ ಜೌಗು, ಸವಳು ಕಾಣಿಸಿಕೊಂಡವು. ಹೊರನಾಡಿನಲ್ಲಿರುವ ನಾವು ಊರಿಗೆ ಕಾಲುವೆ ಬಂತೆಂದರೆ ಹಿಗ್ಗುತ್ತೇವೆ; ಬಸಿಗಾಲುವೆ ಎಲ್ಲಿದೆಯೆಂದು ಕೇಳುವುದಿಲ್ಲ. ಕಾಲುವೆಗೆ ಉದ್ಘಾಟನೆಯ ಕಲ್ಲು ನೆಡುವವರು ಬಹಳ. ಬಸಿಗಾಲುವೆಯ ಹೂಳು ತೆಗೆಸುವವನ ಹೆಸರನ್ನು ಯಾವ ಶಾಸನವೂ ಬರೆಯುವುದಿಲ್ಲ. ಆದರೂ ನೆಲ ಉಳಿಯುವುದು ಅವನಿಂದಲೇ.