ಅಳೆಯದ ಮೋಡಕ್ಕೆ ಉಪ್ಪು ಸುರಿಯುವವರು

ಬರ ಬಂದ ವರ್ಷ ನಮ್ಮ ಸರ್ಕಾರಗಳಿಗೆ ವಿಮಾನ ನೆನಪಾಗುತ್ತದೆ. 2003ರಲ್ಲಿ ‘ವರುಣ’, 2017ರಲ್ಲಿ ‘ವರ್ಷಧಾರೆ’. ಹೆಸರು ಚೆಂದ, ಜಕ್ಕೂರಿನಿಂದ ಮೇಲೇರಿದ ವಿಮಾನದ ಫೋಟೊ ಇನ್ನೂ ಚೆಂದ. ಮೋಡ ಬಿತ್ತನೆಯೇ ಸುಳ್ಳು ಎಂಬುದು ನನ್ನ ವಾದವಲ್ಲ. ಅಳೆಯದೆ ಬಿತ್ತಿ, ಆಮೇಲೆ ಬಂದ ಮಳೆಯನ್ನೆಲ್ಲ ತನ್ನ ಲೆಕ್ಕಕ್ಕೆ ಬರೆದುಕೊಳ್ಳುವುದಿದೆಯಲ್ಲ, ನನ್ನ ತಕರಾರು ಅದರ ಬಗ್ಗೆ.

ನಮ್ಮ ಉಬ್ರಾಣಿ ಸೀಮೆಯಲ್ಲಿ ಮೋಡಕ್ಕೆ ಬರವಿಲ್ಲ. ಅತ್ತ ಮಲೆನಾಡೂ ಅಲ್ಲ, ಇತ್ತ ಪೂರ್ತಿ ಬಯಲುಸೀಮೆಯೂ ಅಲ್ಲ. ಪಡುವಣದ ಮೋಡಗಳು ತಲೆಯ ಮೇಲೇ ಹಾದುಹೋಗುತ್ತವೆ. ಅವನ್ನು ನಂಬಿ ಕೂರಲಾಗದೆಂದೇ ಭದ್ರೆಯ ನೀರೆತ್ತಿ ಕೆರೆ ತುಂಬಿಸುವ ಉಬ್ರಾಣಿ–ಅಮೃತಾಪುರ ಏತ ನೀರಾವರಿ ಬೇಕಾಯಿತು. ಕೊಳವೆಬಾವಿ ಬತ್ತಿ, ಅಡಿಕೆ ತೋಟಕ್ಕೆ ಟ್ಯಾಂಕರ್ ನೀರು ಹಾಯಿಸಿದ ರೈತನಿಗೆ ವಿಮಾನ ಕಂಡರೆ ಆಸೆ ಹುಟ್ಟುವುದು ಸಹಜ. ಆ ಆಸೆಯ ಜೊತೆ ಚೆಲ್ಲಾಟವಾಡಬಾರದು.

ಬಿತ್ತನೆಯಾದ ಸಂಜೆ ಮಳೆ ಬಂತೆನ್ನಿ. ಬಿತ್ತದಿದ್ದರೂ ಬರುತ್ತಿತ್ತೇ? ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವಿದೆ ಎನ್ನಬೇಕಾದರೆ, ಕಾಗೆ ಕೂರದ ಕೊಂಬೆಗಳನ್ನೂ ಎಣಿಸಬೇಕು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ 2018 ಮತ್ತು 2019ರಲ್ಲಿ ಸೋಲಾಪುರದಲ್ಲಿ ಮಾಡಿದ್ದು ಅದನ್ನೇ. ಬಿತ್ತಲು ಒಂದು ವಿಮಾನ, ಅಳೆಯಲು ಇನ್ನೊಂದು. ಯೋಗ್ಯ ಮೋಡಗಳಲ್ಲಿ ಯಾವುದಕ್ಕೆ ಬಿತ್ತಬೇಕು, ಯಾವುದನ್ನು ಬಿಡಬೇಕೆಂದು ಚೀಟಿ ಎತ್ತಿದಂತೆ ನಿರ್ಧರಿಸಿದರು. ಕೆಳಗೆ ರೇಡಾರ್, ಮಳೆಮಾಪಕಗಳ ಜಾಲ. 2023ರಲ್ಲಿ ಪ್ರಕಟವಾದ ಫಲಿತಾಂಶ: ಗಾಳಿ ಬೀಸುವ ದಿಕ್ಕಿನ 100 ಚದರ ಕಿಲೋಮೀಟರ್‌ನಲ್ಲಿ ಸರಾಸರಿ ಶೇ. 18ರಷ್ಟು ಹೆಚ್ಚು ಮಳೆ. ಅದೂ ಎಲ್ಲ ಮೋಡಕ್ಕೂ ಅಲ್ಲ. ಮೋಡವೇ ಇಲ್ಲದಲ್ಲಿ ಎಷ್ಟು ಉಪ್ಪು ಸುರಿದರೂ ಹನಿ ಬೀಳದು. ಬರಪರಿಹಾರವೆಂದು ಹೊರಟ ವಿಮಾನಕ್ಕೆ ಹೋಲಿಕೆಗೆಂದು ಒಂದು ಒಳ್ಳೆಯ ಮೋಡವನ್ನು ಬಿಟ್ಟುಬರುವ ತಾಳ್ಮೆ ಎಲ್ಲಿಂದ ಬರಬೇಕು?

‘ಉಪಗ್ರಹ ಇದೆಯಲ್ಲ, ಎಲ್ಲ ಕಾಣುತ್ತದೆ’ ಎನ್ನುವವರಿದ್ದಾರೆ. ಇನ್ಸಾಟ್ ಚಿತ್ರದಲ್ಲಿ ಕಾಣುವುದು ಬಹುಪಾಲು ಮೋಡದ ನೆತ್ತಿ, ಹೊಟ್ಟೆಯೊಳಗೆ ಏನಿದೆಯೆಂಬುದಲ್ಲ. ಧ್ರುವಪ್ರದೇಶದಲ್ಲಿ ಈ ಕಷ್ಟ ಇನ್ನೂ ಹೆಚ್ಚು: ನೆಲವೂ ಬಿಳಿ, ಮೋಡವೂ ಬಿಳಿ, ಎರಡೂ ತಣ್ಣಗೆ. ಮೋಡದ ಒಳಗನ್ನೂ ತಿಳಿಯಲೆಂದು 2006ರಲ್ಲಿ ರೇಡಾರ್ ಹೊತ್ತ ಕ್ಲೌಡ್‌ಸ್ಯಾಟ್, ಲೇಸರ್ ಹೊತ್ತ ಕ್ಯಾಲಿಪ್ಸೊ ಉಪಗ್ರಹಗಳನ್ನು ಒಂದೇ ರಾಕೆಟ್‌ನಲ್ಲಿ ಹಾರಿಸಿದರು. ಅಷ್ಟಾದರೂ ವಿಜ್ಞಾನಿಗಳು ಸುಮ್ಮನಾಗಲಿಲ್ಲ. 2008ರ ಏಪ್ರಿಲ್‌ನಲ್ಲಿ ಅಲಾಸ್ಕಾದ ಬ್ಯಾರೋ ಮೇಲೆ ವಿಮಾನ ಹಾರಿಸಿ, ಮೋಡದೊಳಗೇ ನುಗ್ಗಿ ಹನಿ, ಹಿಮದ ಹರಳು, ಧೂಳಿನ ಕಣಗಳನ್ನು ಎಣಿಸಿದರು. ಮೇಲಿನಿಂದ ಕಂಡದ್ದನ್ನು ಒಳಗೆ ಹೊಕ್ಕು ತಾಳೆ ನೋಡುವುದು ಅವರ ಪದ್ಧತಿ. ಜನವಸತಿಯೇ ವಿರಳವಾದ ಕಡೆಯ ಮೋಡಕ್ಕೆ ಸಿಗುವ ಈ ಮರ್ಯಾದೆ ನಮ್ಮ ಮೋಡಕ್ಕೇಕೆ ಬೇಡ?

ಇದು ವಿಜ್ಞಾನಿಗಳ ಶೋಕಿಯಲ್ಲ, ಅನ್ನದ ಪ್ರಶ್ನೆ. ಅಡಿಕೆಯ ಹವಾಮಾನ ಆಧಾರಿತ ಬೆಳೆವಿಮೆ ಲೆಕ್ಕವಾಗುವುದು ಗ್ರಾಮ ಪಂಚಾಯಿತಿಯ ಮಳೆಮಾಪಕದ ಅಂಕಿಯಿಂದ. ಮರದ ಕೊಂಬೆ ಬಾಗಿದ, ಕಸ ತುಂಬಿದ ಮಾಪಕವನ್ನು ನಾನೇ ಕಂಡಿದ್ದೇನೆ. ಆ ಡಬ್ಬಿ ತಪ್ಪು ಹೇಳಿದರೆ, ತೋಟದಲ್ಲಿ ಏನೇ ಆಗಿರಲಿ, ರೈತನ ಖಾತೆಗೆ ಬರುವ ಹಣ ತಪ್ಪುತ್ತದೆ. ಇಂಥ ಡಬ್ಬಿಗಳನ್ನೇ ನಂಬಿ ಬಿತ್ತನೆಯ ಯಶಸ್ಸನ್ನೂ ಲೆಕ್ಕ ಹಾಕಬೇಕಲ್ಲವೇ?

2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷ ಮತ್ತೆ ಬಂದೇ ಬರುತ್ತದೆ. ಮತ್ತೆ ಟೆಂಡರ್, ಮತ್ತೆ ಫೋಟೊ. ಆಗ ಮೂರು ಷರತ್ತು ಹಾಕೋಣ: ಬಿತ್ತುವ ವಿಮಾನದ ಜೊತೆ ಅಳೆಯುವ ವಿಮಾನವೂ ಇರಲಿ. ಬಿತ್ತದೆ ಬಿಟ್ಟ ಮೋಡಗಳ ಲೆಕ್ಕವೂ ಸಾರ್ವಜನಿಕವಾಗಲಿ. ಎಲ್ಲಕ್ಕಿಂತ ಮೊದಲು ಪಂಚಾಯಿತಿಯ ಮಳೆಮಾಪಕ ರಿಪೇರಿಯಾಗಲಿ. ಇಷ್ಟೂ ಆಗದೆಂದರೆ ಕಪ್ಪೆಗೆ ಮದುವೆ ಮಾಡುವುದೇ ಮೇಲು. ಖರ್ಚು ಕಡಿಮೆ, ಊರಿಗೆಲ್ಲ ಊಟವಾದರೂ ಸಿಗುತ್ತದೆ.