ಮೇಸ್ತ್ರಿಯ ಹೆಸರಿಗೆ ದಾಖಲೆ ಎಲ್ಲಿ?

ಕರಾವಳಿಯ ಹಳೆಯ ಮನೆಗಳ ಹಂಚನ್ನು ಕಳಚಿ ನೋಡಿದರೆ ಅದರಲ್ಲಿ ಕಾರ್ಖಾನೆಯ ಹೆಸರು ಕಾಣಸಿಗುತ್ತದೆ. 1865ರಲ್ಲಿ ಮಂಗಳೂರಿನಲ್ಲಿ ಹಂಚು ತಯಾರಿಕೆ ಆರಂಭಿಸಿದ ಬಾಸೆಲ್ ಮಿಶನ್ ತನ್ನ ಹೆಸರನ್ನು ಹಂಚಿನಲ್ಲೇ ಅಚ್ಚೊತ್ತಿತ್ತು. ಆದರೆ ಅದೇ ಮನೆಯ ಕೆಂಪುಕಲ್ಲಿನ ಗೋಡೆ ಕಟ್ಟಿದ ಮೇಸ್ತ್ರಿಯ ಹೆಸರು ಉಳಿದದ್ದು ಜನರ ಬಾಯಲ್ಲಿ ಮಾತ್ರ.

ಇಂದು ಸ್ವಂತವಾಗಿ ದುಡಿಯುವ ಗಾರೆಯವರು, ಬಡಗಿಗಳು, ಟೈಲ್ಸ್ ಹಾಕುವವರು, ಪೈಂಟರ್‌ಗಳು ಹೆಸರು ಗಳಿಸುವ ದಾರಿ ಬದಲಾಗಿದೆ. ಮುಗಿಸಿದ ಕೆಲಸದ ಫೋಟೊ ವಾಟ್ಸಾಪ್ ಸ್ಟೇಟಸ್‌ನಲ್ಲಿ ಬರುತ್ತದೆ. ಇದು ಒಳ್ಳೆಯದೇ. ಆದರೆ ಫೋಟೊ ನೋಡಿ ಒಮ್ಮೆ ಕರೆದವರು ಮತ್ತೊಮ್ಮೆ ಕರೆಯುತ್ತಾರೆಯೇ ಎಂಬುದನ್ನು ನಿರ್ಧರಿಸುವುದು ಜೂನ್ ತಿಂಗಳ ಮಳೆ. ಕೆಲಸಕ್ಕೆ ಮೊದಲೇ ಅಂದಾಜು ಖರ್ಚನ್ನು ಬರೆದು ಕೊಡುವವನು, ತಾರಸಿ ಸೋರಿದಾಗ ಫೋನ್ ಎತ್ತಿ ಬಂದು ಸರಿಪಡಿಸುವವನು ಊರಲ್ಲಿ ಹೆಸರು ಉಳಿಸಿಕೊಳ್ಳುತ್ತಾನೆ.

ಹೆಸರಿದ್ದರೆ ಕೆಲಸ ಸಿಗುತ್ತದೆ, ನಿಜ. ಆದರೆ ಏಣಿಯಿಂದ ಬಿದ್ದು ಆರು ತಿಂಗಳು ಮಲಗಿದರೆ ಆ ಹೆಸರು ಮನೆಯವರ ಹೊಟ್ಟೆ ತುಂಬಿಸುತ್ತದೆಯೇ? ಅಲ್ಲಿ ಬೇಕಾಗುವುದು ದಾಖಲೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಲು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕೆಂದು 1996ರ ಕೇಂದ್ರ ಕಾಯಿದೆ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಷರತ್ತು ಇದೆ. ಒಬ್ಬನೇ ಧಣಿಯ ಬಳಿ ದುಡಿಯುವವನಿಗೆ ಇದು ಸುಲಭ. ಒಂದು ಮನೆಯಲ್ಲಿ ನಾಲ್ಕು ದಿನ, ಇನ್ನೊಂದರಲ್ಲಿ ಒಂದು ವಾರ ದುಡಿಯುವ ಸ್ವಂತ ಕಸುಬಿನವನ 90 ದಿನಗಳಿಗೆ ಸಾಕ್ಷಿ ಯಾರು?

2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಕಸುಬುದಾರರಿಗೆ ಪ್ರಮಾಣಪತ್ರ ಹಾಗೂ ಗುರುತಿನ ಚೀಟಿ ಕೊಡುತ್ತದೆ. ಅದರ 18 ಕಸುಬುಗಳಲ್ಲಿ ಗಾರೆಯವರೂ ಬಡಗಿಗಳೂ ಇದ್ದಾರೆ. ಪೈಂಟರ್, ಪ್ಲಂಬರ್, ಎಲೆಕ್ಟ್ರಿಷಿಯನ್ ಇಲ್ಲ. ಇನ್ನು ಉತ್ತರ ಕರ್ನಾಟಕ, ಒಡಿಶಾ, ಬಂಗಾಳದಿಂದ ಬಂದು ನಮ್ಮಲ್ಲಿ ದುಡಿಯುವವರ ಪಾಡೇನು? ಅವರ ಕೈಚಳಕಕ್ಕೆ ಸಿಗುವ ಹೆಸರು ಹೆಚ್ಚಾಗಿ ಕಂಟ್ರಾಕ್ಟರರ ಪಾಲಾಗುತ್ತದೆ.

ಆದ್ದರಿಂದ ಹೆಸರು ಗಳಿಸುವ ಹೊಣೆಯನ್ನು ಕೆಲಸಗಾರನ ಮೇಲೆಯೇ ಹೊರಿಸಿ ನಾವು ಸುಮ್ಮನಿರುವುದು ನ್ಯಾಯವಲ್ಲ. ನಮ್ಮಲ್ಲಿ ಅನೇಕರು ಮನೆ ಕಟ್ಟಿಸಿದವರು, ರಿಪೇರಿ ಮಾಡಿಸಿದವರು. ದುಡಿದವರ ಹೆಸರನ್ನು ಕೇಳಿ ತಿಳಿಯೋಣ. ಅವರು ದುಡಿದ ದಿನಗಳನ್ನು ಬರೆದಿಟ್ಟು ಸಹಿ ಹಾಕಿ ಕೊಡೋಣ. ಕೆಲಸ ಚೆನ್ನಾಗಿದ್ದರೆ ನಾಲ್ಕು ಜನರಿಗೆ ಹೇಳೋಣ. ಮಜೂರಿ ಕೊಟ್ಟ ಮಾತ್ರಕ್ಕೆ ನಮ್ಮ ಋಣ ತೀರಿತೇ?